ಎದ್ದರೆ ಮಲಗದು, ಮಲಗಿದರೆ ಏಳದು

ದೊಡ್ಡಬಳ್ಳಾಪುರ
8 ಅಕ್ಟೋಬರ್ 2025

ಪ್ರೀತಿಯ ಭಾನು,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನೀನು ಕೊಟ್ಟುಹೋದ ಲ್ಯಾಪ್‌ಟಾಪ್ ಒಂದನ್ನು ಬಿಟ್ಟು. ಫೋನಿನಲ್ಲಿ ಕೇಳಬಹುದಿತ್ತಲ್ಲ ಎನ್ನಬೇಡ. ನೀನಿರುವ ಬೆಟ್ಟದ ತುದಿಯಲ್ಲಿ ವಾರಕ್ಕೆ ಸಿಗುವುದೇ ನಾಲ್ಕು ನಿಮಿಷದ ಫೋನು, ಅದು ನಿನ್ನ ಹೆಂಡತಿ ಶಿಲ್ಪಳ ಪಾಲಿನದು. ಅದರಲ್ಲಿ ನಾನು ಮೂಗು ತೂರಿಸಿದರೆ ಅವಳು ಅರಿಶಿನಕುಂಟೆಯಿಂದ ಬಸ್ಸು ಹತ್ತಿ ಬಂದು ಜಗಳವಾಡಿಯಾಳು. ಆದ್ದರಿಂದ ಈ ಕಾಗದ.

ರೋಗ ಹೀಗಿದೆ. ಬಟನ್ ಒತ್ತಿದರೆ ದೀಪ ಹತ್ತುತ್ತದೆ, ಫ್ಯಾನು ಬುಸ್ ಎನ್ನುತ್ತದೆ, ಪರದೆಯ ಮೇಲೆ ಕಂಪನಿ ಹೆಸರು ಮೂಡುವಷ್ಟರಲ್ಲಿ ಎಲ್ಲ ಆರಿಹೋಗುತ್ತದೆ. ಐದಾರು ಸಲ ಹೀಗೆ ಆಟವಾಡಿಸಿ ಆಮೇಲೆ ಒಮ್ಮೆ ಎದ್ದು ಕೂರುತ್ತದೆ. ಸಂಜೆ ಕೆಲಸ ಮುಗಿಸಿ ಶಟ್‌ಡೌನ್ ಕೊಟ್ಟರೆ ಕತ್ತಲಾಗುತ್ತದೆ, ನಾನು ಮುಚ್ಚಳ ಹಾಕುವ ಮೊದಲೇ ಮತ್ತೆ ಬೆಳಗುತ್ತದೆ. ಎದ್ದರೆ ಮಲಗದು, ಮಲಗಿದರೆ ಏಳದು. ನಾಲ್ಕೈದು ದಿನದಿಂದ ಇದೇ ಗೋಳು.

ಬೇರೆ ಸಮಯದಲ್ಲಾಗಿದ್ದರೆ ಚಿಂತೆ ಇರಲಿಲ್ಲ. ನಮ್ಮ ನಾಲ್ಕು ಮಗ್ಗಕ್ಕೂ ಇಷ್ಟು ವರ್ಷ ಡಿಸೈನ್ ಮಾಡಿಕೊಡುತ್ತಿದ್ದವನು ಮುನಿರಾಜ್. ನಮಗೆ ಕೊಟ್ಟ ನವಿಲನ್ನೇ ಇನ್ನೂ ಮೂರು ಶೆಡ್ಡಿಗೆ ಕೊಡುತ್ತಾನೆ. ಕೇಳಿದರೆ "ಬಾಲ ಬೇರೆ ಮಾಡಿದೀನಲ್ಲಕ್ಕಾ" ಅನ್ನುತ್ತಾನೆ. ಐವತ್ತೆರಡು ವರ್ಷಕ್ಕೆ ನಾನು ತರಬೇತಿಗೆ ಹೋಗಿ ಕಂಪ್ಯೂಟರ್ ಡಿಸೈನ್ ಕಲಿತದ್ದು ಆ ನವಿಲಿನ ಕಾಟ ತಾಳಲಾರದೆ. ಈಗ ಬೆಂಗಳೂರಿನ ಒಂದು ದೊಡ್ಡ ಸೀರೆ ಅಂಗಡಿಯವರು ಎಲ್ಲೂ ಇಲ್ಲದ ಹೊಸ ಮಾದರಿ ಕೇಳಿದ್ದಾರೆ. ಡಿಸೆಂಬರ್ ಹನ್ನೆರಡಕ್ಕೆ ಸೀರೆ ನೇಯ್ದು ಅವರ ಮುಂದೆ ಹರಡಬೇಕು. ಡಿಸೈನ್ ನಾನೇ ಮಾಡುತ್ತೇನೆ ಎಂದು ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದೇನೆ. ನಿಮ್ಮ ಭಾವ ಬೇಡ ಅನ್ನಲಿಲ್ಲ, ಆದರೆ ಬೀಡಿ ಆರಿಸುತ್ತಾ ಒಂದು ಮಾತು ಹೇಳಿದರು: "ಕಾರ್ತೀಕ ಕಳೆಯೋಷ್ಟ್ರಲ್ಲಿ ಡಿಸೈನ್ ಕೈಗೆ ಬರ್ಲಿಲ್ಲ ಅಂದ್ರೆ ಮುನಿರಾಜನ್ನೇ ಕರೀತೀನಿ ನೋಡು."

ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋಗಿದ್ದೆ. ಮದರ್‌ಬೋರ್ಡ್ ಹೋಗಿದೆ, ಹತ್ತು ದಿನ ಬಿಟ್ಟುಹೋಗಿ ಎಂದರು. ಒಳಗೆ ಡಿಸೈನ್ ಇಟ್ಟುಕೊಂಡು ಈ ಊರಿನಲ್ಲಿ ಹತ್ತು ದಿನ ಬಿಟ್ಟುಬರುವುದೇ? ಹನ್ನೊಂದನೇ ದಿನ ಅದು ಪಕ್ಕದ ಬೀದಿಯ ಮಗ್ಗದ ಮೇಲಿರುತ್ತದೆ. ಬಗಲಿಗೆ ಹಾಕಿಕೊಂಡು ವಾಪಸ್ ಬಂದೆ.

ನಾನು ಏನೂ ಮಾಡಿಲ್ಲ. ಎಲ್ಲಿಟ್ಟಿದ್ದೆನೋ ಅಲ್ಲೇ ಇತ್ತು. ಆಯುಧಪೂಜೆ ಚೆನ್ನಾಗಿ ಆಯಿತು, ನಾಲ್ಕು ಮಗ್ಗಕ್ಕೂ ಬಾಳೆಕಂದು ಕಟ್ಟಿದ್ದೆವು. ಬೇಗ ದಾರಿ ಹೇಳು.

ನಿನ್ನ ಅಕ್ಕ
ಅನುಸೂಯ


ಸೇನಾ ಅಂಚೆ
17 ಅಕ್ಟೋಬರ್ 2025

ಅಕ್ಕನಿಗೆ ನಮಸ್ಕಾರ.

ಕಾಗದ ಸಿಕ್ಕಿತು. ನಮ್ಮ ತುಕಡಿಯಲ್ಲಿ ನನ್ನ ಕಾಗದವೇ ದಪ್ಪ, ಎಲ್ಲರೂ ಹೊಟ್ಟೆಕಿಚ್ಚುಪಟ್ಟರು. ಒಳಗೆ ಲ್ಯಾಪ್‌ಟಾಪ್ ಪುರಾಣ ಇದೆ ಅಂತ ನಾನು ಹೇಳಲಿಲ್ಲ.

ಮೊದಲಿಗೆ, ಹೆದರಬೇಡ. ಹದಿನೇಳು ವರ್ಷ ಸಿಗ್ನಲ್ಸ್‌ನಲ್ಲಿದ್ದೇನೆ. ಹಿಮದಲ್ಲಿ ಹೂತುಹೋದ ವೈರ್‌ಲೆಸ್ ಸೆಟ್ಟನ್ನು ಮಾತಾಡಿಸಿದವನಿಗೆ ಇದು ಯಾವ ಲೆಕ್ಕ? ಮದರ್‌ಬೋರ್ಡ್ ಹೋಗಿದೆ ಎನ್ನುವುದು ಎಲ್ಲ ರಿಪೇರಿಯವರೂ ಹೇಳುವ ಮೊದಲ ಮಾತು. ಆ ಯಂತ್ರ ನನ್ನ ಕೈಯಲ್ಲಿ ನಾಲ್ಕು ವರ್ಷ ಇತ್ತು, ಒಂದು ದಿನವೂ ತೊಂದರೆ ಕೊಟ್ಟಿಲ್ಲ.

ಹೀಗೆ ಮಾಡು. ಚಾರ್ಜರ್ ಕಿತ್ತುಬಿಡು. ಪವರ್ ಬಟನ್ ಗಟ್ಟಿಯಾಗಿ ಒತ್ತಿಹಿಡಿದು ಮೂವತ್ತು ಎಣಿಸು. ನಡುವೆ ಬಿಡಬೇಡ. ಒಳಗೆ ಉಳಿದ ಕರೆಂಟು ಖಾಲಿಯಾಗುತ್ತದೆ. ಆಮೇಲೆ ಚಾರ್ಜರ್ ಹಾಕಿ ಆನ್ ಮಾಡು. ಎದ್ದ ಮೇಲೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂದಿರುವ ಕಡೆ ಟಿಕ್ ತೆಗೆದುಬಿಡು. ಅದು ಯಂತ್ರವನ್ನು ಪೂರ್ತಿ ಮಲಗಲು ಬಿಡುವುದಿಲ್ಲ, ಅರೆನಿದ್ದೆಯಲ್ಲಿ ಇಟ್ಟಿರುತ್ತದೆ. ಶಟ್‌ಡೌನ್ ತಕರಾರು ಅಲ್ಲಿಗೆ ಮುಗಿಯಿತು ಅಂದುಕೋ.

ಒಂದು ಮಾತು ನಿಜ ಹೇಳು. ಮೇಲೆ ನೀರು, ಕಾಫಿ ಏನಾದರೂ ಚೆಲ್ಲಿದ್ದೀಯಾ? ಬೈಯುವುದಿಲ್ಲ.

ನೀನು ಇದರಲ್ಲಿ ಗೆದ್ದೇ ಗೆಲ್ಲುತ್ತೀ ಅಂತ ಕೊಟ್ಟಾಗಲೇ ಗೊತ್ತಿತ್ತು. ಭಾವನಿಗೆ ಬೀಡಿ ಬಿಡಲು ಹೇಳು.

ಭಾನುಪ್ರಕಾಶ್


ದೊಡ್ಡಬಳ್ಳಾಪುರ
26 ಅಕ್ಟೋಬರ್ 2025

ಭಾನು,

ನೀನು ಹೇಳಿದಂತೆ ಒಂದಕ್ಷರ ಬಿಡದೆ ಮಾಡಿದೆ. ನಾನು ಹೆಬ್ಬೆರಳಲ್ಲಿ ಒತ್ತಿಹಿಡಿದೆ, ನಿಮ್ಮ ಭಾವ ಪಕ್ಕದಲ್ಲಿ ನಿಂತು ಎಣಿಸಿದರು. ಇಪ್ಪತ್ತೆಂಟಕ್ಕೆ ಅವರಿಗೆ ಕೆಮ್ಮು ಬಂತು, ಮೂವತ್ತಕ್ಕೆ ಮುಟ್ಟಿತೋ ಇಲ್ಲವೋ ಎಂಬ ಅನುಮಾನದಲ್ಲಿ ಮತ್ತೆ ಒಂದರಿಂದ ಶುರು ಮಾಡಿದೆವು. ಒಟ್ಟು ಅರವತ್ತು ಅಂದುಕೋ. ಆಮೇಲೆ ಏನಾಯಿತು ಗೊತ್ತೇ? ಮೊದಲು ಐದಾರು ಸಲಕ್ಕೆ ಏಳುತ್ತಿದ್ದದ್ದು ಈಗ ಹದಿನೈದು ಸಲವಾದರೂ ಏಳದು. ನಿನ್ನ ಔಷಧದಿಂದ ರೋಗ ಮೈತುಂಬಿಕೊಂಡಿತು.

ಕೊನೆಗೆ ಹದಿನೆಂಟನೇ ಸಲಕ್ಕೆ ಎದ್ದಿತು. ಟಿಕ್ ತೆಗೆದೆ. ಆ ಪುಟ ನಾನೇ ಹುಡುಕಿದೆ, ಯಾರನ್ನೂ ಕೇಳಲಿಲ್ಲ, ಅದನ್ನು ಬರೆದುಕೋ. ಶಟ್‌ಡೌನ್ ಕೊಟ್ಟೆ. ಕತ್ತಲಾಯಿತು, ಮತ್ತೆ ಬೆಳಗಿತು. ಸರಿ, ನೀನು ಮಲಗಲೊಲ್ಲೆಯಾ, ಮಲಗಬೇಡ ಎಂದು ಹಾಗೇ ಬಿಟ್ಟಿದ್ದೇನೆ. ಇವತ್ತಿಗೆ ಮೂರು ದಿನವಾಯಿತು, ಯಂತ್ರ ಎದ್ದೇ ಇದೆ. ಚಾರ್ಜರ್ ಕೀಳುವುದಿಲ್ಲ, ಯಾರನ್ನೂ ಹತ್ತಿರ ಬಿಡುವುದಿಲ್ಲ. ಕರೆಂಟು ಹೋದರೆ ಬ್ಯಾಟರಿ ಒಂದೂವರೆ ಗಂಟೆ ತಡೆಯುತ್ತದೆ. ಅಷ್ಟು ಹೊತ್ತು ನಾನು ಮಾತಾಡದೆ ಕೂತಿರುತ್ತೇನೆ. ಬಾಣಂತಿ ಮನೆ ಇದ್ದಂತಿದೆ.

ಕೆಲಸ ಮಾತ್ರ ಓಡುತ್ತಿದೆ. ಏನು ಬಿಡಿಸುತ್ತಿದ್ದೇನೆ ಹೇಳಲೇ? ದೇವನಹಳ್ಳಿಯ ಚಕ್ಕೋತ. ನಮ್ಮ ತವರಿನ ಹಿತ್ತಲಿನ ಹಣ್ಣು. ಅಡ್ಡಕ್ಕೆ ಕೊಯ್ದರೆ ಒಳಗೆ ತೊಳೆಗಳೆಲ್ಲ ಸುತ್ತ ಜೋಡಿಸಿಟ್ಟಂತೆ ಕಾಣುತ್ತದಲ್ಲ, ಅದೇ ಬುಟ್ಟಾ. ಒಡಲಿಗೆ ತಿಳಿ ಗುಲಾಬಿ, ಅಂಚಿಗೆ ಎಲೆಯ ಹಸಿರು, ಸೆರಗಿನಲ್ಲಿ ಇಡೀ ಹಣ್ಣು. ಸೀರೆಯ ಮೇಲೆ ಚಕ್ಕೋತ ಕಂಡವರು ಯಾರಿದ್ದಾರೆ? ಮುನಿರಾಜ್ ಎಷ್ಟೇ ಬಾಲ ಬದಲಿಸಿದರೂ ಇದು ನವಿಲಾಗುವುದಿಲ್ಲ.

ನೀರು ಒಂದು ಹನಿಯೂ ಚೆಲ್ಲಿಲ್ಲ. ಬೇರೆ ಔಷಧ ಬರೆ. ಸೆರಗು ಇನ್ನೂ ಅರ್ಧ ಇದೆ.

ಅನುಸೂಯ


ಸೇನಾ ಅಂಚೆ
4 ನವೆಂಬರ್ 2025

ಅಕ್ಕ,

ಚಕ್ಕೋತ ಓದಿ ಬಾಯಲ್ಲಿ ನೀರು ಬಂತು. ಇಲ್ಲಿ ಡಬ್ಬಿಯ ಅನಾನಸ್ ಬಿಟ್ಟರೆ ಹಣ್ಣಿನ ಮುಖ ಕಂಡು ನಾಲ್ಕು ತಿಂಗಳಾಯಿತು.

ಮೊದಲು ಇದು ಮಾಡು: ಯಂತ್ರ ಎದ್ದಿರುವಾಗಲೇ ಡಿಸೈನನ್ನು ಪೆನ್‌ಡ್ರೈವ್‌ಗೆ ಇಳಿಸಿಟ್ಟುಕೋ. ಆಮೇಲೆ ಧೈರ್ಯವಾಗಿ ಆಫ್ ಮಾಡಿ ಹಿಂಬದಿ ತೆರೆ. ನಿನ್ನ ಕೈಗೆ ಮಗ್ಗದ ಸಣ್ಣ ಸ್ಕ್ರೂ ಬಿಚ್ಚಿ ಅಭ್ಯಾಸವಿದೆ, ಇದು ಅದಕ್ಕಿಂತ ಸುಲಭ. ಬ್ಯಾಟರಿಯ ತಂತಿ ಮೊದಲು ಬಿಡಿಸು. ಒಳಗೆ ಬೆರಳುದ್ದದ ಹಸಿರು ಪಟ್ಟಿ ಇರುತ್ತದೆ, ಅದಕ್ಕೆ ರ‍್ಯಾಮ್ ಅನ್ನುತ್ತಾರೆ. ಎರಡು ಕಡೆಯ ಕೊಂಡಿ ಅಗಲಿಸಿದರೆ ಮೇಲೇಳುತ್ತದೆ. ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸು. ನೂರಕ್ಕೆ ತೊಂಬತ್ತು ಅಲ್ಲೇ ಇರುತ್ತದೆ ತಕರಾರು. ಮಗ್ಗದ ಮನೆಯಲ್ಲವೇ, ನೂಲಿನ ದೂಳು ನುಗ್ಗಿರುತ್ತದೆ.

ಒಳಗೆ ಎಲ್ಲಾದರೂ ಕಂದು ಬಣ್ಣದ ಕಲೆ ಕಂಡರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಹಳೆಯ ಯಂತ್ರಗಳಲ್ಲಿ ಅದು ಸಹಜ.

ಈ ಸಲ ಸರಿಹೋಗದಿದ್ದರೆ ನನ್ನ ಮೀಸೆ ಬೋಳಿಸುತ್ತೇನೆ.

ಭಾನು


ದೊಡ್ಡಬಳ್ಳಾಪುರ
12 ನವೆಂಬರ್ 2025

ಭಾನು,

ಮೀಸೆಗೆ ಕತ್ತರಿ ಹುಡುಕಿಕೋ. ಆದರೆ ತಪ್ಪು ನಿನ್ನದಲ್ಲ.

ಪೆನ್‌ಡ್ರೈವ್‌ಗೆ ಇಳಿಸಿಕೊಂಡೆ. ಅದನ್ನು ತೆರೆಯಲು ಬೇರೆ ಕಂಪ್ಯೂಟರ್ ಬೇಕು, ನೆಟ್ ಸೆಂಟರಿನಲ್ಲಿ ತೆರೆದರೆ ಊರೆಲ್ಲ ನೋಡುತ್ತದೆ, ಅಲ್ಲಿ ಡಿಸೈನ್ ಮಾಡುವ ಸಾಫ್ಟ್‌ವೇರೂ ಇಲ್ಲ. ಹಿಂಬದಿ ಬಿಚ್ಚಿದೆ. ಹನ್ನೊಂದು ಸ್ಕ್ರೂ, ಹನ್ನೊಂದನ್ನೂ ತಟ್ಟೆಯಲ್ಲಿ ಇದ್ದ ಕ್ರಮದಲ್ಲೇ ಜೋಡಿಸಿಟ್ಟೆ. ಹಸಿರು ಪಟ್ಟಿ ತೆಗೆದೆ, ಉಜ್ಜಿದೆ, ಕೂರಿಸಿದೆ. ಅಷ್ಟರಲ್ಲಿ ಕಂಡಿತು ಕಲೆ. ಅಂಗೈಯಗಲ, ಕಂದು ಬಣ್ಣ, ಒಣಗಿ ಅಂಟಂಟಾಗಿದೆ. ನೀನು ಸಹಜ ಎಂದು ಬರೆದಿದ್ದೆ. ನನಗೆ ಸಮಾಧಾನವಾಗಲಿ ಎಂದು ಬರೆದಿರಬೇಕು. ಅದು ಸಹಜವಲ್ಲ, ಅದು ಎಲ್ಲಿಂದ ಬಂತು ಎಂದು ನನಗೆ ಗೊತ್ತು.

ಆಯುಧಪೂಜೆಯ ದಿನ ನಾಲ್ಕು ಮಗ್ಗಕ್ಕೂ ಗಂಧ ಹಚ್ಚಿ ಕುಂಕುಮ ಇಟ್ಟೆ. ಈಗ ನನ್ನ ಆಯುಧ ಇದು ತಾನೇ ಎಂದುಕೊಂಡು ಲ್ಯಾಪ್‌ಟಾಪನ್ನೂ ಮಣೆಯ ಮೇಲೆ ತೆರೆದಿಟ್ಟೆ. ಗಂಧ ತೇಯ್ದು ಧಾರಾಳವಾಗಿಯೇ ಹಚ್ಚಿ ಕುಂಕುಮ ಇಟ್ಟೆ, ಆನ್ ಮಾಡುವ ಬಟನ್ನಿನ ಮೇಲೆ ಒಂದು ಬೊಟ್ಟು ಹೆಚ್ಚೇ ಇಟ್ಟೆ. ತೀರ್ಥ ಪ್ರೋಕ್ಷಿಸಿದೆ. ಮೇಲೆ ಸೇವಂತಿಗೆ ಹೂವು. ಕೊಡುವಾಗ ನೀನು ಮೊದಲು ಹೇಳಿದ ಮಾತೇ "ಅಕ್ಕಾ, ಇದಕ್ಕೆ ಪೂಜೆ ಗೀಜೆ ಅಂತ ಮಾಡ್ಬಿಟ್ಟೀಯ" ಎಂದು. ಅದು ನೆನಪಿದ್ದೇ ಮಾಡಿದೆ. ಆ ದಿನ ಅದನ್ನು ಒಂದು ಮೂಲೆಯಲ್ಲಿ ಬಿಟ್ಟು ಮಗ್ಗಕ್ಕೆ ಮಾತ್ರ ಆರತಿ ಎತ್ತಲು ಮನಸ್ಸು ಬರಲಿಲ್ಲ. ತೀರ್ಥ ಒಳಗಿಳಿದು ಕಲೆಯಾಗಿದೆ. ನಿನಗೆ ಮುಚ್ಚಿಟ್ಟೆ. ನಾಚಿಕೆಯಾಯಿತು ಕಣೋ.

ನಾಲ್ಕು ವರ್ಷ ನಿನ್ನ ಕೈಯಲ್ಲಿ ಚೆನ್ನಾಗಿದ್ದ ಯಂತ್ರ. ನನ್ನ ಕೈಗೆ ಬಂದು ಹಾಳಾಯಿತು. ಎರಡು ದಿನದಿಂದ ಅದು ಕಣ್ಣೇ ಬಿಟ್ಟಿಲ್ಲ. ಕಾರ್ತೀಕ ಕಳೆಯಲು ಇನ್ನು ಎಂಟೇ ದಿನ. ಮುನಿರಾಜನಿಗೆ ಹೇಳಿಕಳಿಸಿ ಎಂದು ನಾಳೆಯೋ ನಾಡಿದ್ದೋ ನಾನೇ ಹೇಳಬೇಕಾದೀತು. ಅವರು ಕರೆಯುವ ಮೊದಲು ನಾನು ಹೇಳಿದರೆ ಸ್ವಲ್ಪವಾದರೂ ಮಾನ ಉಳಿಯುತ್ತದೆ.

ಅನುಸೂಯ


ದೊಡ್ಡಬಳ್ಳಾಪುರ
18 ನವೆಂಬರ್ 2025

ಭಾನು, ಭಾನು, ಭಾನು!

ಹಿಂದಿನ ಕಾಗದ ಹರಿದುಹಾಕು. ಸರಿಹೋಯಿತು. ನಾನೇ ಸರಿಮಾಡಿದೆ.

ಮೊನ್ನೆ ಬೆಳಗ್ಗೆ ನಮ್ಮ ಮೂರನೇ ಮಗ್ಗ ತಕರಾರು ತೆಗೆಯಿತು. ಹಸಿರು ಬಟನ್ ಒತ್ತಿದರೆ ಮೋಟಾರು ಗುರ್ ಎಂದು ನಿಂತುಬಿಡುವುದು, ಕೆಂಪು ಒತ್ತಿದರೆ ನಿಂತು ಮತ್ತೆ ತಾನೇ ಹೊರಡುವುದು. ನಿಮ್ಮ ಭಾವ ಬಂದು ನೋಡಿ, "ಸ್ಟಾರ್ಟರ್ ಬಟನ್ ಒಳಗೇ ಕಚ್ಕೊಂಡೈತೆ ಕಣೇ, ಎಣ್ಣೆ ನೂಲು ಸೇರಿ ಅಂಟಾಗೈತೆ" ಎಂದು ಬ್ಲೇಡಿನಿಂದ ಮೀಟಿ ಸೀಮೆಎಣ್ಣೆಯಲ್ಲಿ ಒರೆಸಿದರು. ಸರಿಯಾಯಿತು. ವರ್ಷಕ್ಕೆರಡು ಸಲ ಇರುವ ಕೆಲಸವೇ ಅದು. ನಾನು ಲಾಳಿ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ. ಹೊರಟು ನಿಲ್ಲುವುದು, ನಿಂತು ಹೊರಡುವುದು. ಇದು ಒಳಗೆ ಮೇಜಿನ ಮೇಲಿರುವವನ ಕಾಯಿಲೆಯೇ ಅಲ್ಲವೇ!

ಓಡಿಹೋಗಿ ಬಟನ್ನಿಗೆ ಬೆರಳಿಟ್ಟು ನೋಡಿದೆ. ಬೇರೆ ಕೀಲಿಗಳೆಲ್ಲ ಒತ್ತಿದರೆ ಮೇಲೇಳುತ್ತವೆ, ಇದೊಂದು ಕೆಳಗೇ ಕೂತಿದೆ. ಸುತ್ತಲಿನ ಸಂದಿನಲ್ಲಿ ಕೂದಲೆಳೆಯಷ್ಟು ಕೆಂಪು ಗೆರೆ. ಗಂಧ ಕುಂಕುಮ ಸೇರಿ ಒಣಗಿ ಗಾರೆಯಾಗಿದೆ. ಮೆಡಿಕಲ್ ಸ್ಟೋರಿನಿಂದ ಸ್ಪಿರಿಟ್ ತಂದು, ಹತ್ತಿ ಸುತ್ತಿದ ಕಡ್ಡಿಯಲ್ಲಿ ಹನಿಹನಿಯಾಗಿ ಬಿಟ್ಟು, ಸೂಜಿಯಲ್ಲಿ ಸುತ್ತಲೂ ಬಿಡಿಸಿದೆ. ಅರ್ಧ ಗಂಟೆಗೆ ಬಟನ್ ಟಕ್ಕೆಂದು ಮೇಲೆ ಬಂತು. ಆ ಸದ್ದು ಕೇಳಿ ನನಗೆ ಕಣ್ಣಲ್ಲಿ ನೀರೇ ಬಂತು.

ಈಗ ಎಲ್ಲ ಅರ್ಥವಾಗಿದೆ. ಬಟನ್ ಒತ್ತಿಕೊಂಡೇ ಇದ್ದರೆ ಯಂತ್ರ ಎದ್ದು ಕೆಲ ಕ್ಷಣಕ್ಕೆ ಆರುತ್ತದೆ. ಆಫ್ ಮಾಡಿದರೂ ಯಾರೋ ಒತ್ತಿದರು ಎಂದುಕೊಂಡು ಮತ್ತೆ ಏಳುತ್ತದೆ. ನೀನು ಮೂವತ್ತು ಎಣಿಸಿ ಗಟ್ಟಿಯಾಗಿ ಒತ್ತು ಎಂದೆಯಲ್ಲ ಮಹಾನುಭಾವ, ಅದರಿಂದ ಗಂಧ ಇನ್ನೂ ಆಳಕ್ಕೆ ಇಳಿಯಿತು. ಖುಷಿಗೆ ಹತ್ತು ಸಲ ಆನ್ ಮಾಡಿ ಹತ್ತು ಸಲ ಆಫ್ ಮಾಡಿದೆ. ಹತ್ತು ಸಲವೂ ಹೇಳಿದ ಮಾತು ಕೇಳಿತು. ಕಂದು ಕಲೆ ಹಾಗೇ ಇದೆ, ಅದರ ಪಾಡಿಗೆ ಅದಿರಲಿ.

ಸೆರಗು ಇವತ್ತು ಮುಗಿಯುತ್ತದೆ. ನಾಳೆ ಮಗ್ಗಕ್ಕೆ. ಮುನಿರಾಜನ ಹೆಸರು ಈ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಗೆದ್ದ ಅಕ್ಕ


ಸೇನಾ ಅಂಚೆ
21 ನವೆಂಬರ್ 2025

ಅಕ್ಕ,

ನಿನ್ನ ಹನ್ನೆರಡನೇ ತಾರೀಕಿನ ಕಾಗದ ಇವತ್ತು ಕೈಸೇರಿತು. ಕಾರ್ತೀಕ ನಿನ್ನೆಗೇ ಕಳೆಯಿತು ಎಂದು ಗೊತ್ತು, ಆದರೂ ಬರೆಯದೆ ಇರಲಾರೆ. ಮುನಿರಾಜನನ್ನು ಕರೆಸಿದ್ದರೆ ವಾಪಸ್ ಕಳಿಸು. ಆ ಕಲೆ ನಿನ್ನ ತೀರ್ಥದ್ದಲ್ಲ. ನನ್ನ ಚಹಾದ್ದು.

ಎರಡು ವರ್ಷದ ಹಿಂದೆ ರಜೆಗೆ ಬರುವಾಗ ರೈಲಿನಲ್ಲಿ ಪೂರ್ತಿ ಲೋಟ ಅದರ ಮೇಲೆ ಮಗುಚಿದೆ. ಬಿಸಿಲಿಗಿಟ್ಟು ಒಣಗಿಸಿದೆ, ಎದ್ದಿತು, ಆದರೆ ಆವತ್ತಿನಿಂದ ಅದರ ಮೇಲೆ ನನಗೆ ನಂಬಿಕೆ ಇರಲಿಲ್ಲ. ಹೊಸದು ಕೊಂಡೆ, ಹಳೆಯದನ್ನು ನಿನಗೆ ಕೊಟ್ಟೆ. ನೀನು ಮೊದಲ ಕಾಗದ ಬರೆದಾಗಲೇ ಚಹಾ ನೆನಪಾಯಿತು. ಒಂದು ದಿನವೂ ತೊಂದರೆ ಕೊಟ್ಟಿಲ್ಲ ಎಂದು ಬರೆದದ್ದು ಸುಳ್ಳು. ಕಲೆ ಕಂಡರೆ ಸಹಜ ಎಂದದ್ದೂ ಸುಳ್ಳು. ನೀನು ನಾಚಿಕೆಯಾಯಿತು ಎಂದು ಬರೆದದ್ದನ್ನು ಓದಿದ ಕೂಡಲೇ ಪೆನ್ನು ಹಿಡಿದು ಕೂತೆ.

ಇನ್ನೊಂದು ಇದೆ. ಅದನ್ನೂ ಹೇಳಿ ಮುಗಿಸುತ್ತೇನೆ. ನೀನು ಗೆಲ್ಲುತ್ತೀ ಅಂತ ಕೊಟ್ಟಾಗಲೇ ಗೊತ್ತಿತ್ತು ಎಂದಿದ್ದೆ. ಗೊತ್ತಿರಲಿಲ್ಲ. ಆ ದಿನ ಮನೆಗೆ ಹೋಗಿ ಶಿಲ್ಪಳಿಗೆ ಹೇಳಿದ್ದೆ, "ಒಂದು ತಿಂಗಳು ನೋಡು, ಅಕ್ಕ ಅದರ ಮೇಲೆ ಈರುಳ್ಳಿ ಹೆಚ್ತಾ ಇರ್ತಾಳೆ" ಅಂತ. ಕೆಟ್ಟರೂ ನಷ್ಟವಿಲ್ಲ ಎಂದೇ ಕೆಟ್ಟದ್ದನ್ನು ಕೊಟ್ಟೆ.

ಜನವರಿಯಲ್ಲಿ ರಜೆ ಸಿಗುತ್ತದೆ. ಬರುವಾಗ ಹೊಸ ಲ್ಯಾಪ್‌ಟಾಪ್ ತರುತ್ತೇನೆ. ತಪ್ಪನ್ನು ಹೊಟ್ಟೆಗೆ ಹಾಕಿಕೋ ಅಕ್ಕ. ಮೀಸೆ ಬೋಳಿಸಿದ್ದೇನೆ.

ಭಾನು


ದೊಡ್ಡಬಳ್ಳಾಪುರ
14 ಡಿಸೆಂಬರ್ 2025

ಭಾನು,

ನಿನ್ನ ಕಾಗದ ಒಂದನೇ ತಾರೀಕೇ ಬಂತು. ಎರಡು ವಾರ ಉತ್ತರ ಬರೆಯಲಿಲ್ಲ, ಬೇಕೆಂದೇ ಬರೆಯಲಿಲ್ಲ.

ಚಹಾಕ್ಕೆ ಸಿಟ್ಟಿಲ್ಲ. ನನ್ನ ಗಂಧವನ್ನು ಮುಚ್ಚಿಟ್ಟ ನಾನು ನಿನ್ನ ಚಹಾಕ್ಕೆ ಏನು ಹೇಳಲಿ? ಆ ಕಲೆಯಿಂದ ಯಂತ್ರಕ್ಕೆ ಏನೂ ಆಗಿರಲಿಲ್ಲ ಎಂದು ನನ್ನ ಹದಿನೆಂಟನೇ ತಾರೀಕಿನ ಕಾಗದದಿಂದ ನಿನಗೆ ಇಷ್ಟರಲ್ಲಿ ತಿಳಿದಿರುತ್ತದೆ. ಈರುಳ್ಳಿಯ ಮಾತಿಗೆ ಬೇಜಾರಾಯಿತು. ತುಂಬಾ ಬೇಜಾರಾಯಿತು ಕಣೋ. ಊರೆಲ್ಲ ನಕ್ಕರೂ ನನ್ನ ತಮ್ಮ ಒಬ್ಬ ನಂಬಿದ್ದಾನೆ ಎಂದುಕೊಂಡು ಅದರ ಮುಂದೆ ಕೂರುತ್ತಿದ್ದೆ. ನಾಲ್ಕೂ ಮಗ್ಗ ಓಡುತ್ತಿರುವಾಗ ಶೆಡ್ಡಿಗೆ ಹೋಗಿ ಅತ್ತೆ. ಆ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ.

ಆಮೇಲೆ ಯೋಚನೆ ಮಾಡಿದೆ. ನೀನು ನಂಬದೆ ಇದ್ದಾಗಲೂ ನಾನು ಹನ್ನೊಂದು ಸ್ಕ್ರೂ ಬಿಚ್ಚಿದೆನಲ್ಲ. ಹಾಗಾದರೆ ಬಿಚ್ಚಿದ್ದು ನನ್ನ ಧೈರ್ಯದಿಂದಲೇ ಹೊರತು ನಿನ್ನ ನಂಬಿಕೆಯಿಂದ ಅಲ್ಲ. ಅದು ಹೊಳೆದ ಮೇಲೆ ಸಿಟ್ಟು ಇಳಿಯಿತು. ಹೊಸ ಲ್ಯಾಪ್‌ಟಾಪ್ ತರಬೇಡ. ಬೇಕಾದಾಗ ನಾನೇ ಆರಿಸಿ ತರುತ್ತೇನೆ. ಜನವರಿಯಲ್ಲಿ ಬಂದಾಗ ಅರ್ಧ ದಿನ ನನ್ನ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತು ನಾನು ಕೆಲಸ ಮಾಡುವುದನ್ನು ನೋಡು. ನಿನ್ನಿಂದ ನನಗೆ ಬೇಕಾಗಿರುವುದು ಅಷ್ಟೇ.

ಮೊನ್ನೆ ಶುಕ್ರವಾರ ಸೀರೆ ತೆಗೆದುಕೊಂಡು ನಾನೂ ನಿಮ್ಮ ಭಾವನೂ ಬೆಂಗಳೂರಿಗೆ ಹೋಗಿದ್ದೆವು. ಅಂಗಡಿಯ ಯಜಮಾನರು ಬಿಳಿ ಹಾಸಿನ ಮೇಲೆ ಸೆರಗು ಹರಡಿಸಿದರು. ಕೆಲಸದ ಹೆಂಗಸರು ಎರಡು ಕಡೆ ಹಿಡಿದು ನಿಂತರು. ಅವರಲ್ಲಿ ಒಬ್ಬಳು ನನ್ನ ಕಡೆ ಬಗ್ಗಿ ಮೆಲ್ಲಗೆ "ಚಕ್ಕೋತ ಅಲ್ವಾಮ್ಮ?" ಎಂದಳು. ನನಗೆ ಅಲ್ಲಿಗೇ ಹೊಟ್ಟೆ ತುಂಬಿತು. ಯಜಮಾನರು ಮಾತ್ರ ಅರ್ಧ ಗಂಟೆ ಭಾವನ ಜೊತೆಯೇ ಮಾತಾಡಿದರು. ನೂಲು ಯಾವುದು, ಎಷ್ಟು ಮಗ್ಗ, ತಿಂಗಳಿಗೆ ಎಷ್ಟು ಸೀರೆ. ನಾನು ಪಕ್ಕದ ಸ್ಟೂಲಿನ ಮೇಲೆ ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದೆ. ಸೀರೆ ಒಪ್ಪಿಗೆಯಾಯಿತು. ಇದೇ ಕೈಯಿಂದ ಇನ್ನೂ ಆರು ಮಾದರಿ ಬೇಕು ಎಂದರು. ಆಮೇಲೆ ಫೋನು ಕೈಗೆತ್ತಿಕೊಂಡು, "ಪಾಪಯ್ಯನವ್ರೇ, ನಿಮ್ ಡಿಸೈನರ್ ನಂಬರ್ ಕೊಡ್ರೀ. ಅವ್ರ ಹತ್ರಾನೇ ನೇರವಾಗಿ ಮಾತಾಡ್ಬಿಡ್ತೀನಿ" ಎಂದರು.

ನಿಮ್ಮ ಭಾವ ನನ್ನ ಮುಖ ನೋಡಲಿಲ್ಲ. ಗೋಡೆ ನೋಡಿಕೊಂಡು ಹತ್ತು ಅಂಕಿ ನಿಧಾನವಾಗಿ, ಒಂದೂ ತಪ್ಪದೆ ಹೇಳಿದರು. ನನ್ನ ಮಡಿಲಿನ ಚೀಲದಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಯಜಮಾನರು ಚೀಲ ನೋಡಿದರು, ನನ್ನ ನೋಡಿದರು, ಕಿವಿಯ ಫೋನನ್ನು ಇಳಿಸುವುದೂ ಮರೆತರು. ನಾನು ಅವಸರ ಮಾಡಲಿಲ್ಲ. ಚೀಲದ ಜಿಪ್ ಎಳೆದು, ಫೋನು ಎತ್ತಿ, ಅವರ ಎದುರಿಗೇ ಕೂತು, "ಹೇಳಿ ಸಾರ್, ಅನುಸೂಯಮ್ಮ ಮಾತಾಡ್ತಿದೀನಿ" ಎಂದೆ.

ನಿನ್ನ ಅಕ್ಕ
ಅನುಸೂಯಮ್ಮ, ಡಿಸೈನರ್